ಎರಡು ಕ್ಯಾಲೆಂಡರಿನ ಮನೆ

ನಮ್ಮ ಅಡುಗೆಕೋಣೆಯ ಗೋಡೆಯಲ್ಲಿ ಎರಡು ಕ್ಯಾಲೆಂಡರ್ ಉಂಟು. ಒಂದು ಮಂಗಳೂರಿನ ಚಿನ್ನದಂಗಡಿಯವರು ಕೊಟ್ಟ ಕನ್ನಡದ್ದು, ಇನ್ನೊಂದು ಮಲಯಾಳದ್ದು. ಮನೆ ಕೇರಳದ ಕುಂಬಳೆಯಲ್ಲಿ. ನನ್ನ ಆಫೀಸು ತಲಪಾಡಿ ಗಡಿಯಾಚೆ ಮಂಗಳೂರಿನಲ್ಲಿ, ಹೆಂಡತಿಯದು ಕಾಸರಗೋಡಿನ ಒಂದು ಸಹಕಾರಿ ಬ್ಯಾಂಕು. ಬೆಳಿಗ್ಗೆ ಒಂದೇ ಸ್ಟೇಷನ್ನಿನಿಂದ ನಾನು ಬಡಗಿಗೆ, ಅವಳು ತೆಂಕಿಗೆ. ಯಕ್ಷಗಾನ ಕವಿ ಪಾರ್ತಿಸುಬ್ಬನ ಊರಲ್ಲವೇ, ಮನೆಯೊಳಗೂ ಎರಡು ತಿಟ್ಟು.

ಯುಗಾದಿಗೆ ನನಗೆ ರಜೆ, ಅವಳಿಗಿಲ್ಲ. ಓಣಕ್ಕೆ ಅವಳಿಗೆ ರಜೆ, ನನಗಿಲ್ಲ. ನವೆಂಬರ್ 1 ಬಂದರಂತೂ ನಗು ಬರುತ್ತದೆ. 1956ರಲ್ಲಿ ಅದೇ ದಿನ ಆಚೆಯ ರಾಜ್ಯವೂ ಈಚೆಯ ರಾಜ್ಯವೂ ಹುಟ್ಟಿದವು, ಕಾಸರಗೋಡು ಕೇರಳಕ್ಕೆ ಸೇರಿತು. ಈಗ ಆ ದಿನ ನಾನು ಮನೆಯಲ್ಲಿ ಕಾಲು ಚಾಚಿಕೊಂಡಿರುತ್ತೇನೆ, ಅವಳು ಬುತ್ತಿ ಕಟ್ಟುತ್ತಾಳೆ.

ಇದೆಲ್ಲ ಮುಂಚೆಯೇ ಗೊತ್ತಿರುವ ರಜೆಗಳು. ಪಜೀತಿ ಇರುವುದು ಯಾವ ಕ್ಯಾಲೆಂಡರಿನಲ್ಲೂ ಅಚ್ಚಾಗದ ರಜೆಯದ್ದು. ಆಟಿಯ ಮಳೆ ಧೋ ಎಂದು ಹೊಯ್ಯುವಾಗ ಜಿಲ್ಲಾಧಿಕಾರಿಯವರು ಶಾಲೆಗಳಿಗೆ ರಜೆ ಸಾರುತ್ತಾರೆ. ಮಗಳು ಕುಣಿಯುತ್ತಾಳೆ. ನಾವಿಬ್ಬರು ಮುಖ ಮುಖ ನೋಡಿಕೊಳ್ಳುತ್ತೇವೆ. ಬ್ಯಾಂಕಿಗೂ ರಜೆ ಇಲ್ಲ, ನನ್ನ ಆಫೀಸಿಗೂ ಇಲ್ಲ.

ಮೊದಲು ನಾನಿದ್ದ ಆಫೀಸಿನಲ್ಲಿ ಒಮ್ಮೆ ಇಂಥ ದಿನ ಫೋನ್ ಮಾಡಿದ್ದೆ. "ಯಾಕೆ ಮಾರಾಯ್ರೆ, ಮನೆಯಲ್ಲಿ ಹೆಂಡತಿ ಇಲ್ವಾ?" ಎಂದರು ಸಾಹೇಬರು. ಇದ್ದಾಳೆ, ಅವಳಿಗೂ ಒಬ್ಬರು ಸಾಹೇಬರಿದ್ದಾರೆ ಎನ್ನುವ ಧೈರ್ಯ ನನಗೆ ಬರಲಿಲ್ಲ. ಹೋದೆ. ಅವಳ ರಜೆ ಕಳೆಯಿತು. ಸಂಜೆ ನಾನು ಗೇಟು ಹಾಕುವ ಸದ್ದಿನಲ್ಲೇ ಆಫೀಸಿನಲ್ಲಿ ಎಂತಾಯಿತೆಂದು ಅವಳಿಗೆ ತಿಳಿಯುತ್ತಿತ್ತು. ಮಗಳೂ ಆ ಸದ್ದು ಕೇಳಿ ಪುಸ್ತಕ ಹಿಡಿಯುತ್ತಿದ್ದಳು. ಓದಿನ ಮೇಲಿನ ಪ್ರೀತಿಯಿಂದಲ್ಲ.

ಅವಳ ಬ್ಯಾಂಕಿನದು ಬೇರೆಯೇ ಕತೆ. ಮ್ಯಾನೇಜರಮ್ಮ ಪಯ್ಯನ್ನೂರಿನ ಕಡೆಯವರು. "ಕುಟ್ಟಿಕ್ಕ್ ಪನಿಯಾಣೋ? ಪೊಯ್ಕ್ಕೊಳೂ" ಎಂದು ಮಗುವಿಗೆ ಜ್ವರವೆಂದರೆ ತಾವೇ ಕೌಂಟರಿಗೆ ಬಂದು ಕೂರುತ್ತಿದ್ದರು. ಕಾನೂನಿನಲ್ಲಿ ಇದಕ್ಕೆ ಕಲಮು ಇಲ್ಲ. 2017ರ ತಿದ್ದುಪಡಿಯಲ್ಲಿ ಹೆರಿಗೆ ರಜೆ 12 ವಾರದಿಂದ 26 ವಾರಕ್ಕೆ ಏರಿತು, 50 ಮಂದಿ ಇರುವಲ್ಲಿ ಶಿಶುವಿಹಾರ ಬೇಕು, ತಾಯಿ ದಿನಕ್ಕೆ 4 ಸಲ ಹೋಗಿ ಮಗುವನ್ನು ನೋಡಿ ಬರಬಹುದು ಎಂದೆಲ್ಲ ಆಯಿತು. ಅವಳ ಶಾಖೆಯಲ್ಲಿ ಇರುವವರೇ ಏಳು ಮಂದಿ. ಅಪ್ಪ ಎಷ್ಟು ಸಲ ನೋಡಿ ಬರಬಹುದೆಂದು ಅದರಲ್ಲಿ ಬರೆದಿಲ್ಲ. ಅವನು ನೋಡುವುದಿಲ್ಲವೆಂದೇ ಲೆಕ್ಕವೋ ಏನೋ.

ಹೀಗೆ ನಮ್ಮ ಮನೆ ಎಷ್ಟೋ ವರ್ಷ ಒಬ್ಬ ಮ್ಯಾನೇಜರಮ್ಮನ ಒಳ್ಳೆಯತನದಲ್ಲಿ ನಡೆಯಿತು. ನನ್ನ ಸಾಹೇಬರ ಬಿಗಿಯ ಬಾಡಿಗೆಯನ್ನೂ ಅವರೇ ಕಟ್ಟಿದ ಹಾಗಾಯಿತು ಎಂದು ನನಗೆ ಹೊಳೆದದ್ದು ಕೆಲಸ ಬದಲಾಯಿಸಿದ ಮೇಲೆ. ಹೊಸ ಆಫೀಸಿನವರು ಮೊದಲ ಮಳೆರಜೆಯ ದಿನ, "ಮಧ್ಯಾಹ್ನದ ಮೇಲೆ ಬನ್ನಿ, ಇಲ್ಲ ಮನೆಯಿಂದಲೇ ಲೆಕ್ಕ ಕಳಿಸಿ" ಎಂದು ಫೋನಿಟ್ಟರು. ನನಗೆ ಅನುಮಾನ, ತಿರುಗಿ ಮಾಡಿ ಇನ್ನೊಮ್ಮೆ ಕೇಳಿದೆ.

ಈಗ ಮಳೆರಜೆಗೆ ಪಾಳಿ ಉಂಟು. ನಾನು ಉಳಿದರೆ ಕನ್ನಡ ಕ್ಯಾಲೆಂಡರಿನಲ್ಲಿ ಒಂದು ಗೀಟು, ಅವಳು ಉಳಿದರೆ ಮಲಯಾಳದ್ದರಲ್ಲಿ. ಗೀಟು ಹಾಕುವವಳು ಮಗಳು, ಲಂಚಕ್ಕೆ ಬಗ್ಗುವುದಿಲ್ಲ. ಈ ಜುಲೈಯಲ್ಲಿ ನನ್ನವು ಮೂರು, ಅವಳವು ಎರಡು.

ಮೂರನೆಯ ಗೀಟಿನ ದಿನ ಹನ್ನೊಂದಕ್ಕೆ ಬ್ಯಾಂಕಿನಿಂದ ಫೋನ್ ಬಂತು. ಮಗಳು ಏನು ಮಾಡುತ್ತಾಳೆಂದು ಕೇಳುತ್ತಾಳೆ ಅಂದುಕೊಂಡೆ.

"ಕುಕ್ಕರ್ ಎಷ್ಟು ಸೀಟಿ ಆಯ್ತು?"

"ಮೂರು. ಇಳಿಸಿದೆ."

"ಅಯ್ಯೋ, ಕುಚ್ಚಲಕ್ಕಿ ಅದು! ಪುನಃ ಇಡಿ."