ಒಳಗಿನಿಂದ ಹಾಕುವ ಚಿಲಕ

ಮಗಳು ಆಡುವ ಫುಟ್‌ಬಾಲ್ ಕ್ಲಬ್ಬಿನ ವಾರ್ಷಿಕ ಸಭೆಗೆ ಮೊನ್ನೆ ಹೋಗಿದ್ದೆ. ಮೆಲ್ಬರ್ನ್‌ಗೆ ಬಂದು ಎಂಟು ವರ್ಷವಾದರೂ ಇಂಥ ಸಭೆ ನನಗೆ ಅದೇ ಮೊದಲು. ವೇದಿಕೆ ಇರಲಿಲ್ಲ, ಅತಿಥಿಗಳಿರಲಿಲ್ಲ, ಇಪ್ಪತ್ತೋ ಮೂವತ್ತೋ ಮಡಚುವ ಕುರ್ಚಿಗಳಿದ್ದವು. ಚರ್ಚೆಗೆ ಬಂದ ಮೊದಲ ವಿಷಯವೇ ಹುಡುಗಿಯರು ಬಟ್ಟೆ ಬದಲಿಸುವ ಕೋಣೆಗೆ ಒಳಗಿನಿಂದ ಚಿಲಕವಿಲ್ಲ ಎನ್ನುವುದು. ಅದನ್ನು ಎತ್ತಿದವರು ಮೈದಾನದ ಹುಲ್ಲು ಕತ್ತರಿಸುವ, ಎಪ್ಪತ್ತು ದಾಟಿದ ಹಿರಿಯರು. ಅರ್ಧ ಗಂಟೆ ಆ ಚಿಲಕದ ಮೇಲೆಯೇ ಮಾತು ನಡೆಯಿತು. ಒಬ್ಬರೂ ನಗಲಿಲ್ಲ, ಒಬ್ಬರೂ ಮುಜುಗರಪಡಲಿಲ್ಲ.

ಕಟ್ಟಡ ಹಳೆಯದು, ಗಂಡಸರಿಗೆಂದೇ ಕಟ್ಟಿದ್ದು. ಸ್ನಾನದ ಜಾಗಕ್ಕೆ ಅಡ್ಡಗೋಡೆಯಿಲ್ಲ, ಒಂದು ಗೋಡೆಯುದ್ದಕ್ಕೂ ಗಂಡಸರ ಮೂತ್ರದ ತೊಟ್ಟಿ. ನನ್ನ ಮಗಳ ತಂಡದವರು ಆ ತೊಟ್ಟಿಗೆ ಕ್ಲಬ್ಬಿನ ಬ್ಯಾನರ್ ಮುಚ್ಚಿ ಅಂಟಿಸಿದ್ದರು. ಕೆಲವರು ಕಾರಿನ ಹಿಂದಿನ ಸೀಟಿನಲ್ಲಿ ಬಗ್ಗಿ ಕುಳಿತು ಕಾಲುಚೀಲ ಏರಿಸಿಕೊಳ್ಳುತ್ತಿದ್ದರು. 2023ರ ಮಹಿಳಾ ವಿಶ್ವಕಪ್‌ನಲ್ಲಿ ಆಸ್ಟ್ರೇಲಿಯಾ ಫ್ರಾನ್ಸ್ ತಂಡವನ್ನು ಪೆನಾಲ್ಟಿಯಲ್ಲಿ 7-6ರಿಂದ ಸೋಲಿಸಿ ಸೆಮಿಫೈನಲ್ ತಲುಪಿದ ಮೇಲೆ ನಮ್ಮ ಕ್ಲಬ್ಬಿಗೂ ಹುಡುಗಿಯರು ಸಾಲುಗಟ್ಟಿ ಬಂದರು. ಬಂದವರನ್ನು ಉಳಿಸಿಕೊಳ್ಳುವುದು ಹೇಗೆ ಎನ್ನುವುದೇ ಈಗ ಇವರಿಗೆ ಹಗಲೂ ರಾತ್ರಿ ಚಿಂತೆ. ಆರೇಳು ವರ್ಷದ ಮಕ್ಕಳಿಗೆ ನಾಲ್ಕು ನಾಲ್ಕು ಜನರ ಆಟ, ಗೋಲ್‌ಕೀಪರ್ ಇಲ್ಲ, ಅಂಕಪಟ್ಟಿಯೂ ಇಲ್ಲ. ಅವರನ್ನು ಹಿಡಿದಿಡುವುದು ಸುಲಭ. ಹದಿಮೂರು ತುಂಬುವ ಹುಡುಗಿಯನ್ನು ಹಿಡಿದಿಡುವುದು ಕಷ್ಟ.

ಸಭೆಯಲ್ಲಿ ಕುಳಿತವನಿಗೆ ಅಕ್ಕ ನೆನಪಾದಳು. ಹೈಸ್ಕೂಲಿನಲ್ಲಿ ಖೋ ಖೋ ತಂಡದಲ್ಲಿದ್ದಳು, ಕಂಬ ಸುತ್ತುವುದರಲ್ಲಿ ಅವಳನ್ನು ಮೀರಿಸುವವರಿರಲಿಲ್ಲ. ಹೋಬಳಿ ಮಟ್ಟದ ಕ್ರೀಡಾಕೂಟದಂದು ಶಾಮಿಯಾನ, ಹಾರ, ಶಾಲು, ಸ್ಮರಣಿಕೆ ಎಲ್ಲವೂ ಹೊತ್ತಿಗೆ ಸರಿಯಾಗಿ ಬಂದಿದ್ದವು. ಉದ್ಘಾಟಕರು ಬರಲಿಲ್ಲವೆಂದು ಮಕ್ಕಳು ಹನ್ನೊಂದೂವರೆಯವರೆಗೆ ಬಿಸಿಲಿನಲ್ಲಿ ಸಾಲಾಗಿ ನಿಂತಿದ್ದರು. ಹುಡುಗಿಯರು ಬಟ್ಟೆ ಬದಲಿಸಿದ್ದು ಶಾಲೆಯ ಹಿಂದಿನ ಗೋಡೆಯ ಬಳಿ, ನಾಲ್ವರು ಗೆಳತಿಯರು ಹಿಡಿದ ದುಪಟ್ಟಾಗಳ ಮರೆಯಲ್ಲಿ. ಮರುವರ್ಷ ಅಕ್ಕ ಆಟ ಬಿಟ್ಟಳು. ಮನೆಯಲ್ಲಿ ಯಾರೂ ಬೇಡ ಅನ್ನಲಿಲ್ಲ. ಓದಬೇಕು ಎಂದು ಅವಳೇ ಹೇಳಿದಳು, ನಾವು ನಂಬಿದೆವು. ನಿಜವಾದ ಕಾರಣ ನನಗೆ ತಿಳಿದದ್ದು ಅವಳ ಮಗಳಿಗೆ ಹತ್ತು ವರ್ಷವಾದ ಮೇಲೆ.

ನಮ್ಮಲ್ಲಿ ಹುಡುಗಿಯರಿಗೆ ಆಟದ ಆಸೆಯಿಲ್ಲ ಎನ್ನುವವರ ಮೇಲೆ ನನಗೆ ಸಿಟ್ಟು ಬರುತ್ತದೆ. ಶಾಲುಗಳಿಗೆ ಖರ್ಚಾದ ಹಣದಲ್ಲಿ ಒಂದು ಬಾಗಿಲು, ಒಂದು ನಲ್ಲಿ, ಒಂದು ಕಸದ ಬುಟ್ಟಿ ಬರುತ್ತಿತ್ತು.

ಇಲ್ಲಿಯೂ ಎಲ್ಲವೂ ಮೊದಲಿನಿಂದ ಹೀಗಿರಲಿಲ್ಲ ಎನ್ನುವುದನ್ನು ಒಪ್ಪಬೇಕು. 1921ರಲ್ಲೇ ಬ್ರಿಸ್ಬೇನಿನ ಗಾಬಾ ಮೈದಾನದಲ್ಲಿ ಹೆಂಗಸರ ಫುಟ್‌ಬಾಲ್ ನೋಡಲು ಸುಮಾರು 10,000 ಜನ ಸೇರಿದ್ದರು. ಆದರೂ ಹೆಣ್ಣುಮಕ್ಕಳ ಕ್ರೀಡಾ ಸೌಲಭ್ಯಕ್ಕೆಂದು ಇಲ್ಲಿನ ಕೇಂದ್ರ ಸರ್ಕಾರ 20 ಕೋಟಿ ಡಾಲರ್ ಘೋಷಿಸಲು 2023ರ ವಿಶ್ವಕಪ್ಪೇ ಬರಬೇಕಾಯಿತು. ಕ್ಲಬ್ಬಿನ ಶುಲ್ಕವೂ ಕಡಿಮೆಯಲ್ಲ, ಇಬ್ಬರು ಮಕ್ಕಳಿದ್ದರೆ ಕೈ ತಡೆದು ತಡೆದು ಕಟ್ಟಬೇಕು. ನಮ್ಮ ಕರ್ನಾಟಕದ ಕ್ರೀಡಾ ವಸತಿ ನಿಲಯಗಳಲ್ಲಿ ಆಯ್ಕೆಯಾದ ಮಕ್ಕಳಿಗೆ ಊಟ, ವಸತಿ, ತರಬೇತಿ ಎಲ್ಲವನ್ನೂ ಸರ್ಕಾರವೇ ನೋಡಿಕೊಳ್ಳುತ್ತದೆ, ಅದು ಸಣ್ಣ ಮಾತಲ್ಲ. ಆಯ್ಕೆಯಾಗದವರ ಪಾಡೇನು ಎಂಬ ಪ್ರಶ್ನೆ ಮಾತ್ರ ನನ್ನನ್ನು ಬಿಡುವುದಿಲ್ಲ.

ಶನಿವಾರ ಚಿಲಕ ಬಂತು. ಆ ಹಿರಿಯರೇ ಮೊಣಕಾಲೂರಿ ಸ್ಕ್ರೂ ಬಿಗಿದರು. ಮಗಳು ಒಳಗೆ ಹೋಗಿ ಎರಡು ಸಲ ಹಾಕಿ ತೆಗೆದು ನೋಡಿದಳು. ರಾತ್ರಿ ಅಕ್ಕನಿಗೆ ಫೋನಿನಲ್ಲಿ ಇಷ್ಟನ್ನೂ ಹೇಳಿದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ಗಟ್ಟಿಯಾಗಿದೆಯೇನೋ ಚಿಲಕ?" ಎಂದು ಕೇಳಿದಳು.