ಚೀಸ್ ತುರಿಯಲು ಪುರುಸೊತ್ತಿಲ್ಲ, ಕೋರ್ಟಿಗೆ ಹೋಗಲು ಇದೆ

2022ರ ನವೆಂಬರ್‌ನಲ್ಲಿ ಅಮೆರಿಕದ ಫ್ಲೋರಿಡಾದಲ್ಲಿ ಒಬ್ಬ ಮಹಿಳೆ ಕೋರ್ಟಿಗೆ ಹೋದರು. ದೂರು ಮ್ಯಾಕರೋನಿ ಚೀಸ್ ಮೇಲೆ. ತಿಂದು ಹೊಟ್ಟೆ ಕೆಟ್ಟಿತು ಅಂತಲ್ಲ. ಹುಳ ಸಿಕ್ಕಿತು ಅಂತಲೂ ಅಲ್ಲ. ವೆಲ್ವೀಟಾ ಅನ್ನೋ ಬ್ರ್ಯಾಂಡಿನ ಡಬ್ಬದ ಮೇಲೆ ‘ಮೂರೂವರೆ ನಿಮಿಷದಲ್ಲಿ ರೆಡಿ’ ಎಂದು ಬರೆದಿತ್ತು. ಆದರೆ ರೆಡಿಯಾಗಲು ಅದಕ್ಕಿಂತ ಜಾಸ್ತಿ ಹೊತ್ತು ಬೇಕು. ಇಷ್ಟೇ ದೂರು.

ಲೆಕ್ಕ ಹಾಕಿದರೆ ಆಕೆ ಹೇಳಿದ್ದು ಸುಳ್ಳಲ್ಲ. ಮೂರೂವರೆ ನಿಮಿಷ ಅನ್ನೋದು ಡಬ್ಬ ಮೈಕ್ರೋವೇವ್ ಒಳಗೆ ಸುತ್ತುವ ಹೊತ್ತು ಮಾತ್ರ. ಅದಕ್ಕೂ ಮೊದಲು ಮುಚ್ಚಳ ಕೀಳಬೇಕು. ಸಾಸ್ ಪೊಟ್ಟಣ ಹೊರಗೆ ತೆಗೆಯಬೇಕು. ನೀರು ಹೊಯ್ಯಬೇಕು. ಬೆಂದ ಮೇಲೆ ಪೊಟ್ಟಣ ಒಡೆದು ಸಾಸ್ ಹಿಂಡಿ ಕಲಸಬೇಕು. ಇಷ್ಟೆಲ್ಲ ಮೈಮುರಿದು ದುಡಿಯುವ ಹೊತ್ತನ್ನು ಕಂಪನಿ ಲೆಕ್ಕಕ್ಕೇ ಹಿಡಿದಿಲ್ಲ! ಕೊಂಡವರೆಲ್ಲರ ಪರವಾಗಿ ಕೇಳಿದ ಮೊತ್ತ 50 ಲಕ್ಷ ಡಾಲರ್‌ಗೂ ಮೇಲೆ. ನಮ್ಮ ದುಡ್ಡಿನಲ್ಲಿ ಸುಮಾರು 40 ಕೋಟಿ ರೂಪಾಯಿ. ವೆಲ್ವೀಟಾ ಮಾಡುವ ಕ್ರಾಫ್ಟ್ ಹೈಂಜ್ ಕಂಪನಿ ಇದು ಹುರುಳಿಲ್ಲದ ಕೇಸು ಅಂದಿತು. ಆಕೆಗೆ ನಿಜಕ್ಕೂ ನಷ್ಟವಾಗಿದೆ ಅನ್ನೋದು ಕಾಣುತ್ತಿಲ್ಲ ಎಂದು 2023ರ ಜುಲೈನಲ್ಲಿ ನ್ಯಾಯಾಧೀಶರು ಕೇಸನ್ನು ವಜಾ ಮಾಡಿದರು. ಮೂರೂವರೆ ನಿಮಿಷದ ಜಗಳ ತೀರಲು ಎಂಟು ತಿಂಗಳು ಹಿಡಿಯಿತು. ನಮ್ಮ ಸಿವಿಲ್ ಕೋರ್ಟುಗಳ ಗತಿ ನೋಡಿದವರಿಗೆ ಇದೂ ಮೈಕ್ರೋವೇವ್ ವೇಗವೇ ಅನ್ನಿಸಬಹುದು, ಅದು ಬೇರೆ ಮಾತು.

ನಿಮಿಷದ ಲೆಕ್ಕ ಆಯಿತು, ಡಾಲರ್ ಲೆಕ್ಕವೂ ಆಯಿತು. ಅದು ತಿನ್ನೋಕೆ ಚೆನ್ನಾಗಿತ್ತಾ ಅನ್ನೋದು ಮಾತ್ರ ಯಾರಿಗೂ ಬೇಕಾಗಲಿಲ್ಲ.

ಇದನ್ನು ಮನೆಯಲ್ಲಿ ಮಾಡೋದು ಅಂಥ ಬ್ರಹ್ಮವಿದ್ಯೆಯೇನಲ್ಲ. ಒಂದು ಕಡೆ ಉಪ್ಪು ನೀರಿನಲ್ಲಿ ಮ್ಯಾಕರೋನಿ ಬೇಯಲಿಕ್ಕೆ ಇಡಿ. ಇನ್ನೊಂದು ಒಲೆಯಲ್ಲಿ ಎರಡು ಚಮಚ ಬೆಣ್ಣೆ ಕರಗಿಸಿ, ಅಷ್ಟೇ ಮೈದಾ ಹಾಕಿ, ಹಸಿ ವಾಸನೆ ಹೋಗುವ ತನಕ ಕೈಯಾಡಿಸಿ. ಸ್ವಲ್ಪ ಸ್ವಲ್ಪವೇ ಹಾಲು ಹೊಯ್ಯುತ್ತ ಗಂಟಿಲ್ಲದ ಹಾಗೆ ಕದಡಿ. ಗಟ್ಟಿಯಾದ ಮೇಲೆ ಒಲೆ ಆರಿಸಿ, ಆಮೇಲೆ ತುರಿದ ಚೆಡ್ಡಾರ್ ಹಾಕಿ. ಒಲೆ ಆರಿಸಿಯೇ ಹಾಕಬೇಕು. ಕುದಿಯುವಾಗ ಹಾಕಿದರೆ ಚೀಸ್ ಒಡೆದು ಎಣ್ಣೆ ಒಂದು ಕಡೆ, ತರಿ ಒಂದು ಕಡೆ ಆಗುತ್ತದೆ. ಬೆಂದ ಮ್ಯಾಕರೋನಿ ಅದಕ್ಕೆ ಸುರಿದರೆ ಮುಗಿಯಿತು. ಇಪ್ಪತ್ತು ನಿಮಿಷ ಸಾಕು.

ಪೆಟ್ಟಿಗೆಯಲ್ಲಿ ಬರುವ ಮ್ಯಾಕರೋನಿಯ ವಿಧಾನ ಓದಿ ನೋಡಿ. ನೀರು ಕುದಿಸಿ, ಮ್ಯಾಕರೋನಿ ಬೇಯಿಸಿ, ಬಸಿಯಿರಿ, ಬೆಣ್ಣೆ ಹಾಕಿ, ಹಾಲು ಹಾಕಿ, ಚೀಸ್ ಪುಡಿ ಉದುರಿಸಿ ಕಲಸಿ. ಅಂದರೆ ಒಲೆ ನಿಮ್ಮದು, ಪಾತ್ರೆ ನಿಮ್ಮದು, ಬೆಣ್ಣೆ ಹಾಲು ನಿಮ್ಮದು, ಪಾತ್ರೆ ತೊಳೆಯೋದೂ ನಿಮ್ಮದೇ. ಉಳಿದದ್ದೇನು? ಎರಡು ಚಮಚ ಮೈದಾ ಹುರಿಯೋದು ತಪ್ಪಿತು, ಚೀಸ್ ತುರಿಯೋದು ತಪ್ಪಿತು. ಚಂದ್ರನ ಮೇಲೆ ಕಾಲಿಟ್ಟು ಬಂದ ದೇಶಕ್ಕೆ ಚೀಸ್ ತುರಿಯೋದು ಒಂದು ಭಾರ. ಈಳಿಗೆ ಮಣೆ ಮೇಲೆ ಕೂತು ದಿನಾ ಎರಡು ತೆಂಗಿನಕಾಯಿ ತುರಿದ ನಮ್ಮ ಹೆಂಗಸರ ಮುಂದೆ ಇದನ್ನು ಹೇಳಬೇಡಿ ಅಷ್ಟೆ.

ಶುರುವಾದಾಗ ಅದಕ್ಕೆ ಒಂದು ಅರ್ಥ ಇತ್ತು. 1937. ಕೆಲಸವಿಲ್ಲ, ಕೈಯಲ್ಲಿ ಕಾಸಿಲ್ಲ. ಆಗ ಕ್ರಾಫ್ಟ್ ಡಿನ್ನರ್ ಬಂತು. 19 ಸೆಂಟಿಗೆ ಒಂದು ಪೆಟ್ಟಿಗೆ, ನಾಲ್ಕು ಜನರ ಊಟ. ಆಮೇಲೆ ಎರಡನೇ ಮಹಾಯುದ್ಧ, ರೇಷನ್ ಕಾಲ. ಮಾಂಸ ಸಿಗುತ್ತಿರಲಿಲ್ಲ, ಪೆಟ್ಟಿಗೆ ಸಿಗುತ್ತಿತ್ತು. ಹಸಿದ ಹೊಟ್ಟೆಗೆ ಬಂದ ಅನ್ನ ಅದು, ಅದನ್ನು ಗೇಲಿ ಮಾಡುವ ಮನಸ್ಸು ನನಗಿಲ್ಲ. ಆದರೆ ಬರಗಾಲ ಹೋಗಿ ಫ್ರಿಜ್ ತುಂಬ ಚೀಸ್ ಬಂದ ಮೇಲೂ ಪುಡಿ ಮಾತ್ರ ಹೋಗಲಿಲ್ಲ. ಎರಡು ಮೂರು ತಲೆಮಾರು ಆ ಪುಡಿಯನ್ನೇ ತಿಂದು ಬೆಳೆದವು. ಈಗ ಅದೇ ಅಸಲಿ ರುಚಿ, ನಿಜವಾದ ಚೀಸ್ ಹಾಕಿದ್ದು ನಕಲಿ.

ಇನ್ನು ಬಣ್ಣದ ಕಥೆ. ಆ ಪುಡಿಗೆ ಮೊದಲಿದ್ದ ಹಳದಿ ಬಣ್ಣ ಇದೆಯಲ್ಲ, ಅದು ಹಸುವಿನಿಂದ ಬಂದದ್ದಲ್ಲ, ಕಾರ್ಖಾನೆಯಿಂದ ಬಂದದ್ದು. ‘ಯೆಲ್ಲೋ 5’, ‘ಯೆಲ್ಲೋ 6’ ಅಂತ ಬಸ್ ರೂಟಿನ ಹಾಗೆ ಹೆಸರು. ಇವು ಬೇಡ ಎಂದು 2013ರಲ್ಲಿ ಲಕ್ಷಾಂತರ ಜನ ಸಹಿ ಹಾಕಿದರು. 2015ರ ಏಪ್ರಿಲ್‌ನಲ್ಲಿ ಕಂಪನಿ, ಸರಿ, ತೆಗೆಯುತ್ತೇವೆ ಅಂದಿತು. ಅಂದಿದ್ದೇ ತಡ, ಇನ್ನೊಂದು ಗುಂಪು ಎದ್ದಿತು. ರುಚಿ ಹಾಳಾಗುತ್ತದೆ, ನಮ್ಮ ಬಾಲ್ಯ ಹಾಳಾಗುತ್ತದೆ, ಮುಟ್ಟಬೇಡಿ ಅಂತ ಗಲಾಟೆ.

ಕಂಪನಿಯವರು ಕಿಲಾಡಿಗಳು. ಡಿಸೆಂಬರ್‌ನಲ್ಲಿ ಸದ್ದಿಲ್ಲದೆ ಬಣ್ಣ ಬದಲಿಸಿ, ಹೊಸ ಪುಡಿಯ ಪೆಟ್ಟಿಗೆಗಳನ್ನು ಅದೇ ಅಂಗಡಿಗಳಿಗೆ ಕಳಿಸಿದರು. ಡಂಗುರ ಇಲ್ಲ, ‘ಹೊಸತು’ ಅನ್ನೋ ನಕ್ಷತ್ರದ ಗುರುತೂ ಇಲ್ಲ. ಜನ ಕೊಂಡರು, ಬೇಯಿಸಿದರು, ತಿಂದರು, ಮತ್ತೆ ಕೊಂಡರು. 5 ಕೋಟಿಗೂ ಜಾಸ್ತಿ ಪೆಟ್ಟಿಗೆ ಖರ್ಚಾದ ಮೇಲೆ, 2016ರ ಮಾರ್ಚ್‌ನಲ್ಲಿ, ಕಂಪನಿಯೇ ಜಾಹೀರಾತು ಕೊಟ್ಟು ಹೇಳಿತು: ನಾವು ಬದಲಿಸಿ ಮೂರು ತಿಂಗಳಾಯಿತು, ನಿಮಗೆ ಗೊತ್ತೇ ಆಗಲಿಲ್ಲವಲ್ಲ! ರುಚಿ ಹಾಳಾಗುತ್ತದೆ ಎಂದು ಅತ್ತವರಲ್ಲಿ ಎಷ್ಟು ಜನ ಆ ಮೂರು ತಿಂಗಳೂ ಬಟ್ಟಲು ನೆಕ್ಕಿದ್ದರೋ, ದೇವರೇ ಬಲ್ಲ.

ಹಾಗಾದರೆ ಹೊಸ ಬಣ್ಣ ಯಾವುದು? ಪ್ಯಾಪ್ರಿಕಾ, ಅನ್ನಾಟೊ ಬೀಜ ಮತ್ತು ಅರಿಶಿನ. ಪ್ಯಾಪ್ರಿಕಾ ಅಂದರೆ ಖಾರ ಕಮ್ಮಿ, ಬಣ್ಣ ಜಾಸ್ತಿ ಇರುವ ಮೆಣಸಿನ ಪುಡಿ, ಬ್ಯಾಡಗಿಯ ದೂರದ ನೆಂಟ. ಅರಿಶಿನದ ಪರಿಚಯ ನಮಗೆ ಬೇಕಿಲ್ಲ. ಒಂದು ಸಾಸಿವೆ ಒಗ್ಗರಣೆ ಬಿದ್ದಿದ್ದರೆ ಆ ಪೆಟ್ಟಿಗೆ ನಮ್ಮದೇ ಆಗಿಬಿಡುತ್ತಿತ್ತು.

ಅಮೆರಿಕದ ಕನ್ನಡದ ಮನೆಗಳಲ್ಲಿ ಇದರದ್ದೇ ಒಂದು ನಾಟಕ ನಡೆಯುತ್ತದೆ. ಬೆಂಗಳೂರಿನಿಂದಲೋ ಮೈಸೂರಿನಿಂದಲೋ ಆರು ತಿಂಗಳಿಗೆ ಬಂದ ಅಜ್ಜಿ, ಮೊಮ್ಮಗುವಿಗೆ ಮ್ಯಾಕರೋನಿ ಇಷ್ಟವಂತೆ ಎಂದು ತಾವೇ ಮಾಡುತ್ತಾರೆ. ಊರಲ್ಲಿ ಮಾಡುವ ಹಾಗೆ, ಉಪ್ಪಿಟ್ಟಿನ ಧಾಟಿಯಲ್ಲಿ. ಈರುಳ್ಳಿ, ಟೊಮೆಟೊ, ಕ್ಯಾಪ್ಸಿಕಂ, ಚಿಟಿಕೆ ಅರಿಶಿನ, ಮೇಲೆ ಚೀಸ್ ತುರಿ.

“ಅಜ್ಜಿ, ಇದು ಮ್ಯಾಕ್ ಅಂಡ್ ಚೀಸ್ ಅಲ್ಲ.”

“ಯಾಕೋ ಪುಟ್ಟಾ? ಮ್ಯಾಕರೋನಿ ಇದೆ, ಚೀಸ್ ಇದೆ. ಇನ್ನೇನು ಬೇಕು?”

“ಅದು ನೀಲಿ ಪೆಟ್ಟಿಗೇಲಿ ಇರತ್ತೆ. ಇದಕ್ಕೆ ನೀನು ಅರಿಶಿನ ಹಾಕಿದೀಯ.”

ಅಜ್ಜಿ ಕನ್ನಡಕ ಹಾಕಿಕೊಂಡು ಪೆಟ್ಟಿಗೆಯ ಹಿಂಬದಿ ಓದಿದರೆ ವಾದದಲ್ಲಿ ಗೆಲ್ಲಬಹುದು. ಮಗು ತಿನ್ನುತ್ತದೆ ಅನ್ನೋ ಗ್ಯಾರಂಟಿ ಮಾತ್ರ ಇಲ್ಲ.

ಮಕ್ಕಳನ್ನು ಬಿಡಿ. ದೊಡ್ಡವರಿಗಾಗಿ ಕಂಪನಿ ಮಾಡದ ಕಸರತ್ತಿಲ್ಲ. 2020ರಲ್ಲಿ, ಎಲ್ಲರೂ ಮನೆಯಲ್ಲೇ ಕೂತಿದ್ದಾಗ, ಪೆಟ್ಟಿಗೆಯ ಮೇಲಿದ್ದ ‘ಡಿನ್ನರ್’ ಜಾಗದಲ್ಲಿ ‘ಬ್ರೇಕ್‌ಫಾಸ್ಟ್’ ಎಂದು ಅಚ್ಚು ಹಾಕಿದರು. ಒಳಗಿನ ಮಾಲು ಅದೇ. 2021ರಲ್ಲಿ ಮ್ಯಾಕರೋನಿ ಚೀಸ್ ರುಚಿಯ ಐಸ್‌ಕ್ರೀಂ ಬಂತು, ಹಳದಿ ಪುಡಿಯ ಸಮೇತ. ಹೌದು, ಜನ ಮುಗಿಬಿದ್ದು ಕೊಂಡರು.

ಇದರ ಇನ್ನೊಂದು ತುದಿಯಲ್ಲಿ ಮನೆಯಲ್ಲೇ ಮಾಡಬೇಕು ಅನ್ನುವ ಪಂಥದವರಿದ್ದಾರೆ. ಇವರ ಕಾಟ ಬೇರೆ ಥರ. ಮ್ಯಾಕರೋನಿಗೆ ನಾಲ್ಕು ದೇಶದ ನಾಲ್ಕು ಚೀಸು. ಒಂದು ಹೊಗೆ ಹಾಕಿದ್ದು, ಒಂದು ಗುಹೆಯಲ್ಲಿಟ್ಟು ಹಳತು ಮಾಡಿದ್ದು. ಮೇಲೆ ಟ್ರಫಲ್ ಅನ್ನೋ ಅಣಬೆಯ ಘಮದ ಎಣ್ಣೆ. ಬಟ್ಟಲಿಗೆ ಹಾಕುವ ಮುಂಚೆ ಫೋಟೋ. ನೆಂಟರು ಎರಡು ಚಮಚ ತಿಂದು “ಆಹಾ, ಎಷ್ಟು ರಿಚ್ ಆಗಿದೆ” ಅನ್ನುತ್ತಾರೆ. ಅದರರ್ಥ ಮೂರನೇ ಚಮಚ ಇಳಿಯುತ್ತಿಲ್ಲ ಅಂತ. ನಮ್ಮಲ್ಲಿ ಸಿಗುವ ಸಾದಾ ಚೀಸ್ ಕ್ಯೂಬು ಇಂಥ ಸಾಸಿಗೆ ಇವಕ್ಕಿಂತ ನಯವಾಗಿ ಕರಗುತ್ತದೆ. ಒಡೆಯದಂತೆ ಕರಗಿಸುವ ಲವಣಗಳನ್ನು ಅದಕ್ಕೆ ಮೊದಲೇ ಸೇರಿಸಿರುತ್ತಾರೆ. ಆದರೆ ಹಾಗಂತ ಹೇಳಿದರೆ ಆ ಪಂಥದವರು ಮಾತು ಬಿಡುತ್ತಾರೆ.

ಈ ತಿಂಡಿಯನ್ನು ಅಮೆರಿಕಕ್ಕೆ ತಂದವರು ಅಧ್ಯಕ್ಷ ಥಾಮಸ್ ಜೆಫರ್ಸನ್ ಎಂದು ಸುಮಾರು ಜನ ಹೇಳುತ್ತಾರೆ. ಅವರು ಮ್ಯಾಕರೋನಿ ಯಂತ್ರದ ಚಿತ್ರ ಬರೆದದ್ದು ನಿಜ. ಸೌಟು ಹಿಡಿದವರು ಯಾರು? ಜೇಮ್ಸ್ ಹೆಮಿಂಗ್ಸ್. ಜೆಫರ್ಸನ್ ಮನೆಯ ಗುಲಾಮ. 1784ರಲ್ಲಿ ಅವರನ್ನು ಪ್ಯಾರಿಸ್‌ಗೆ ಕರೆದುಕೊಂಡು ಹೋಗಿ ಫ್ರೆಂಚ್ ಅಡುಗೆ ಕಲಿಸಿದರು. ವಾಪಸ್ ಬಂದ ಮೇಲೆ, ಬೇರೊಬ್ಬರಿಗೆ ಆ ಅಡುಗೆ ಕಲಿಸಿಕೊಟ್ಟರೆ ಮಾತ್ರ ಬಿಡುಗಡೆ ಅನ್ನೋ ಷರತ್ತು. ತಮ್ಮ ಪೀಟರ್‌ಗೆ ಕಲಿಸಿ, 1796ರಲ್ಲಿ ಅವರು ಸ್ವತಂತ್ರರಾದರು. ಅಡುಗೆ ಮಾಡಿದ್ದು ಒಬ್ಬರು, ಹೆಸರು ಬಂದದ್ದು ಧಣಿಗೆ. ಇದಕ್ಕೆ ಮಾತ್ರ ಯಾವ ಕೋರ್ಟಿನಲ್ಲೂ ಕೇಸು ಬೀಳಲಿಲ್ಲ.

1802ರ ಫೆಬ್ರವರಿಯಲ್ಲಿ ಜೆಫರ್ಸನ್ ಕೊಟ್ಟ ಔತಣಕ್ಕೆ ಮೆನಾಸ್ಸೆ ಕಟ್ಲರ್ ಅನ್ನುವ ಸಂಸದರು ಹೋಗಿದ್ದರು. ಮ್ಯಾಕರೋನಿ ಕಡುಬು ಬಡಿಸಿದರು. ಒಳಗಿದ್ದದ್ದನ್ನು ಅವರು ಈರುಳ್ಳಿ ಅಂದುಕೊಂಡರು. ಘಾಟು ಜಾಸ್ತಿ, ರುಚಿಗೆ ಹಿಡಿಸಲಿಲ್ಲ ಎಂದು ಬರೆದಿಟ್ಟರು. ಅದು ಈರುಳ್ಳಿಯಲ್ಲ, ಇಟಲಿಯ ತಿಂಡಿ ಎಂದು ಪಕ್ಕದಲ್ಲಿದ್ದವರು ತಿಳಿಸಿ ಹೇಳಿದರು. ಅಧ್ಯಕ್ಷರ ಮನೆಯ ಊಟ, ಅದೂ ಇಟಲಿಯದು. ಆದರೂ ಚೆನ್ನಾಗಿಲ್ಲ ಅಂದದ್ದನ್ನು ಹೊಡೆದು ಹಾಕಲಿಲ್ಲ, ಪುಣ್ಯಾತ್ಮ.

ಆ ನಾಲಗೆ ಅಮೆರಿಕದಲ್ಲಿ ಇನ್ನೂ ಉಳಿದಿರುವುದು ಕರಿಯರ ಮನೆಗಳ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಊಟದಲ್ಲಿ. ಅಲ್ಲಿ ಮ್ಯಾಕರೋನಿ ಚೀಸ್ ಅಂದರೆ ಹುಡುಗಾಟವಲ್ಲ. ಓವನ್‌ನಲ್ಲಿ ಬೇಯಿಸಿ, ಮೇಲಿನ ಪದರ ಕೆಂಪಗಾಗಬೇಕು. ತಟ್ಟೆ ಹಿಡಿಯುವ ಮುಂಚೆ ಕೇಳುವ ಪ್ರಶ್ನೆ ಒಂದೇ: ಈ ಸಲ ಮ್ಯಾಕರೋನಿ ಯಾರು ಮಾಡಿದ್ದು? ಇಂಥ ದೊಡ್ಡಮ್ಮ ಮಾಡಿದ್ದು ಅಂದರೆ ಸಾಲು ಬೆಳೆಯುತ್ತದೆ. ಗೊತ್ತಿಲ್ಲದ ಹೆಸರು ಬಂದರೆ ಜನ ಮೆಲ್ಲಗೆ ಪಕ್ಕದ ಪಾತ್ರೆ ಕಡೆಗೆ ಸರಿಯುತ್ತಾರೆ. ಆ ಕೆಲಸ ಕೇಳಿದವರಿಗೆಲ್ಲ ಸಿಗುವುದಿಲ್ಲ, ವರ್ಷಗಟ್ಟಲೆ ಕಾಯಬೇಕು. ಮನೆಗೆ ಹೊಸದಾಗಿ ಬಂದ ಸೊಸೆ “ಮ್ಯಾಕರೋನಿ ನಾನು ಮಾಡಿಕೊಂಡು ಬರಲಾ ಅತ್ತೆ?” ಅಂದರೆ ಫೋನಿನ ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, “ಬೇಡಮ್ಮ, ನಿನಗ್ಯಾಕೆ ತೊಂದರೆ. ನೀನು ಪೇಪರ್ ತಟ್ಟೆ ತಗೊಂಡು ಬಾ, ಸಾಕು.”