ಎರವಲು ಚೀಟಿ

ಗ್ರಂಥಾಲಯದ ಪುಸ್ತಕ ಕೈಗೆ ಬಂದರೆ ನಾನು ಮೊದಲು ಓದುವುದು ಮುನ್ನುಡಿಯನ್ನಲ್ಲ, ಹಿಂದಿನ ರಟ್ಟಿನ ಒಳಗೆ ಅಂಟಿಸಿದ ಚೀಟಿಯನ್ನು. ನೇರಳೆ ಶಾಯಿಯ ತಾರೀಖುಗಳು. ಒಂದು ನೆಟ್ಟಗೆ, ಒಂದು ಸೊಟ್ಟಗೆ, ಇನ್ನೊಂದು ಗೆರೆ ದಾಟಿ ಪಕ್ಕದ ಕಾಲಮ್ಮಿಗೆ ಕಾಲಿಟ್ಟದ್ದು. ಇಷ್ಟೂ ಜನ ಈ ಪುಸ್ತಕವನ್ನು ಮನೆಗೊಯ್ದು, ಮರೆಯದೆ ಮರಳಿ ತಂದಿಟ್ಟಿದ್ದಾರೆ! ಎರವಲು ಕೊಟ್ಟ ಕೊಡೆ ತಿರುಗಿ ಬಂದದ್ದನ್ನು ನಾನಂತೂ ಕಂಡಿಲ್ಲ. ಗೆಳೆಯರ ಪುಸ್ತಕಗಳ ವಿಷಯ ಎತ್ತಬೇಡಿ, ಅಲ್ಲಿ ನಾನೇ ಆರೋಪಿ. ಹೀಗಿರುವಾಗ ಕಂಡಕಂಡವರಿಗೆಲ್ಲ ಪುಸ್ತಕ ಕೊಟ್ಟು ಕಳಿಸುವ ಧೈರ್ಯ ಒಂದು ಊರಿಗೆ ಬಂದದ್ದಾದರೂ ಹೇಗೆ?

ಈ ಪ್ರಶ್ನೆ ಬಂದಾಗ ಚರಿತ್ರೆಕಾರರು ಬೊಟ್ಟು ಮಾಡುವುದು ಅಮೆರಿಕದ ನ್ಯೂ ಹ್ಯಾಂಪ್‌ಶೈರ್ ರಾಜ್ಯದ ಪೀಟರ್‌ಬರೋ ಎಂಬ ಪುಟ್ಟ ಊರಿನ ಕಡೆಗೆ. ಆ ರಾಜ್ಯದವರು ಕಾಲೇಜು ಕಟ್ಟುತ್ತೇವೆಂದು ಬ್ಯಾಂಕುಗಳಿಂದ ತೆರಿಗೆ ಎತ್ತಿದ್ದರು. ಕಾಲೇಜು ಏಳಲಿಲ್ಲ. ಹಣವನ್ನು ಶಾಲೆಗಾಗಲಿ, ಬೇರೆ ವಿದ್ಯಾಕೆಲಸಕ್ಕಾಗಲಿ ಬಳಸಿಕೊಳ್ಳಿ ಎಂದು ಊರೂರಿಗೆ ಹಂಚಿಬಿಟ್ಟರು. ಶಾಲೆ ಎಂಬ ಪದ ಕಣ್ಣಿಗೆ ಬೀಳುವುದು ಸುಲಭ. ‘ಬೇರೆ ಕೆಲಸ’ ಎಂಬಲ್ಲಿ ಕಣ್ಣು ನೆಟ್ಟವರು ಪೀಟರ್‌ಬರೋದ ಪಾದ್ರಿ ಏಬಿಯಲ್ ಆಬಟ್. 1833ರ ಏಪ್ರಿಲ್ 9ರಂದು ಊರ ಸಭೆ ಆ ದುಡ್ಡಿನ ಒಂದು ಪಾಲನ್ನು ಪುಸ್ತಕಕ್ಕೆ ಎತ್ತಿಟ್ಟಿತು. ಅದಕ್ಕೂ ಮೊದಲು ಗ್ರಂಥಾಲಯಗಳು ಇರಲಿಲ್ಲವೆಂದಲ್ಲ. ಚಂದಾ ಕಟ್ಟಿದವರಿಗೆ ಮಾತ್ರ ಬಾಗಿಲು ತೆರೆಯುವಂಥವು ಬೇಕಾದಷ್ಟಿದ್ದವು. ಇಲ್ಲಿ ಹಾಗಲ್ಲ. ಖರ್ಚು ಸಾರ್ವಜನಿಕರ ಹಣದಿಂದ, ಓದು ಎಲ್ಲರಿಗೂ ಪುಕ್ಕಟೆ.

ಪುಸ್ತಕ ಬಂತು, ಇಡುವುದೆಲ್ಲಿ? ಒಂದು ದಿನಸಿ ಅಂಗಡಿಯಲ್ಲಿ. ಊರಿನ ಅಂಚೆ ಕಚೇರಿಯೂ ಅದೇ ಅಂಗಡಿಯಲ್ಲಿತ್ತು. ನನಗೆ ಈ ಚರಿತ್ರೆಯಲ್ಲಿ ಅತ್ಯಂತ ಇಷ್ಟವಾದ ಭಾಗ ಇದು. ಕಾಗದ ಬಂದಿದೆಯೇ ಎಂದು ಕೇಳಲು ಹೋದವರು, ಬಂದಿಲ್ಲವೆಂದು ತಿಳಿದು, ಬರಿಗೈಯಲ್ಲಿ ಯಾಕೆ ಹೋಗುವುದೆಂದು ಪುಸ್ತಕ ಹಿಡಿದು ಮನೆಗೆ ಹೋಗಿರಬೇಕು. ಊರಿಗೆಲ್ಲ ಎರವಲು ಕೊಡುವ ಗ್ರಂಥಾಲಯ ತಾನೇ ಎರವಲು ಜಾಗದಲ್ಲಿತ್ತು! ಅದಕ್ಕೆಂದೇ ಒಂದು ಕಟ್ಟಡ ಎದ್ದದ್ದು 1893ರಲ್ಲಿ. ಮನುಷ್ಯರಿಗೆ ಅರಳುಮರಳು ಶುರುವಾಗುವ ವಯಸ್ಸಿನಲ್ಲಿ ಅದಕ್ಕೆ ಸ್ವಂತ ಸೂರು ದಕ್ಕಿತು.

ಕಟ್ಟಡ ಎಂದೊಡನೆ ಆಂಡ್ರ್ಯೂ ಕಾರ್ನೆಗಿಯ ಹೆಸರು ಬರುತ್ತದೆ. ಉಕ್ಕಿನ ಈ ಸಾಹುಕಾರ ಹುಡುಗನಾಗಿದ್ದಾಗ ತಂತಿ ಹಂಚುತ್ತಿದ್ದ. ಆಂಡರ್ಸನ್ ಎಂಬ ಕರ್ನಲ್ ಒಬ್ಬರು ದುಡಿಯುವ ಹುಡುಗರಿಗೆ ತಮ್ಮ ಮನೆಯ ಸುಮಾರು 400 ಪುಸ್ತಕಗಳನ್ನು ಶನಿವಾರ ಶನಿವಾರ ಓದಲು ಕೊಡುತ್ತಿದ್ದರು. ಆ ಋಣವನ್ನು ಹುಡುಗ ಬಡ್ಡಿ ಸಮೇತ ತೀರಿಸಿದ: ಅವನ ಹಣದಿಂದ ಎದ್ದ ಗ್ರಂಥಾಲಯಗಳು 2,509. ಆದರೆ ವ್ಯಾಪಾರಿ ವ್ಯಾಪಾರಿಯೇ. ಕಟ್ಟಡಕ್ಕೆ ಹಣ ಕೊಡುತ್ತೇನೆ. ನಿವೇಶನ ನಿಮ್ಮದು, ಕೊಟ್ಟ ಹಣದ ಹತ್ತನೆಯ ಒಂದು ಪಾಲನ್ನು ವರ್ಷ ವರ್ಷ ಊರೇ ಖರ್ಚಿಗೆ ಒದಗಿಸಬೇಕು ಎಂಬುದು ಷರತ್ತು. ಜಿಪುಣತನವೆಂದು ನಾನೂ ಮೊದಲು ಅಂದುಕೊಂಡಿದ್ದೆ. ಈಗ ಹಾಗನ್ನಿಸುವುದಿಲ್ಲ. ಕಟ್ಟಡ ಉದ್ಘಾಟಿಸಿ ಮರೆಯುವ ಊರುಗಳನ್ನು ಆತ ಬಲ್ಲವನಾಗಿದ್ದ.

ಬಾಗಿಲು ತೆರೆದ ಮಾತ್ರಕ್ಕೆ ಕಪಾಟು ತೆರೆಯಲಿಲ್ಲ. ಇಂಗ್ಲೆಂಡಿನ ಗ್ರಂಥಾಲಯಗಳಲ್ಲಿ ಹಿಂದೆ ಓದುಗನಿಗೂ ಪುಸ್ತಕಕ್ಕೂ ನಡುವೆ ಒಂದು ದೊಡ್ಡ ಹಲಗೆ ನಿಂತಿರುತ್ತಿತ್ತು. ಅದರ ತುಂಬ ನಂಬರುಗಳು. ಪುಸ್ತಕ ಒಳಗಿದ್ದರೆ ಒಂದು ಬಣ್ಣ, ಹೊರಗೆ ಹೋಗಿದ್ದರೆ ಇನ್ನೊಂದು. ಪಟ್ಟಿ ನೋಡಿ ನಂಬರು ಹೇಳಬೇಕು, ಸಿಬ್ಬಂದಿ ಒಳಗಿಂದ ತಂದುಕೊಡಬೇಕು. ಮುಖ ನೋಡದೆ ಹೆಣ್ಣು ಒಪ್ಪಿದ ಹಾಗೆ! 1894ರಲ್ಲಿ ಲಂಡನ್ನಿನ ಕ್ಲರ್ಕನ್‌ವೆಲ್‌ನಲ್ಲಿ ಜೇಮ್ಸ್ ಡಫ್ ಬ್ರೌನ್ ಎಂಬ ಗ್ರಂಥಪಾಲಕ ಓದುಗರನ್ನು ಕಪಾಟುಗಳ ನಡುವೆಯೇ ಬಿಟ್ಟಾಗ, ಕಳ್ಳರಿಗೆ ಮಣೆ ಹಾಕಿದಂತಾಯಿತೆಂದು ಸಹೋದ್ಯೋಗಿಗಳೇ ಹೌಹಾರಿದರು. ಅದೇ ಕಾಲದಲ್ಲಿ ಕೆಲವು ವಾಚನಾಲಯಗಳು ಪತ್ರಿಕೆಗಳಲ್ಲಿ ಬರುವ ಕುದುರೆ ಜೂಜಿನ ಸುದ್ದಿಗೆ ಬೆಳಿಗ್ಗೆಯೇ ಕಪ್ಪು ಬಳಿದು ಜನರ ಮುಂದಿಡುತ್ತಿದ್ದವು. ನಾನಾಗಿದ್ದರೆ ಉಳಿದ ಸುದ್ದಿ ಬಿಟ್ಟು ಆ ಕಪ್ಪನ್ನೇ ಬೆಳಕಿಗೆ ಹಿಡಿದು ನೋಡುತ್ತಿದ್ದೆ.

ಈಗ ಯಾವ ಹಲಗೆಯೂ ಇಲ್ಲ. ಯಂತ್ರ ಪಟ್ಟೆಗೆರೆಗಳ ಮೇಲೆ ಕೆಂಪು ಬೆಳಕು ಹಾಯಿಸಿ ‘ಕೀಂ’ ಎನ್ನುತ್ತದೆ, ಮುಗಿಯಿತು. ಮೊನ್ನೆ ತಂದ ಪುಸ್ತಕದ ಚೀಟಿಯಲ್ಲಿ ಕೊನೆಯ ಮೊಹರಿಗೆ ಹನ್ನೊಂದು ವರ್ಷ. ಕೆಳಗೆ ಏಳು ಖಾಲಿ ಮನೆಗಳು. ಯಂತ್ರ ಬಂದ ಮೇಲೆ ಇದನ್ನು ಯಾರೂ ಒಯ್ದಿಲ್ಲವೋ, ಒಯ್ದವರ ಗುರುತು ಉಳಿದಿಲ್ಲವೋ ತಿಳಿಯುವಂತಿಲ್ಲ. ಗ್ರಂಥಾಲಯದ ಪುಸ್ತಕದಲ್ಲಿ ಬರೆಯಬಾರದೆಂದು ನನಗೆ ಗೊತ್ತು. ಆದರೂ ಆ ಮೊಹರಿನ ಕೆಳಗಿನ ಮನೆಯಲ್ಲಿ ಮರಳಿಸಬೇಕಾದ ತಾರೀಖನ್ನು ಬರೆದೆ. ಪೆನ್ಸಿಲ್ಲಿನಲ್ಲಿ, ಸಣ್ಣ ಅಕ್ಷರದಲ್ಲಿ, ತುಸು ಸೊಟ್ಟಗೆ.